ಅಮ್ಮನ ಕಷಾಯ, ತಮ್ಮನ ಕಾಮಾಲೆ, ಮತ್ತು "ರಿಸರ್ಚ್ ಆಗಿದೆ" ಎಂಬ ಮಾತು

ಪ್ರಶ್ನೆ: ಮೇಡಂ, ನಮಸ್ಕಾರ. ನನ್ನ ಅಮ್ಮನಿಗೆ 66 ವರ್ಷ. ಎಂಟು ವರ್ಷದಿಂದ ಬಿಪಿ ಮಾತ್ರೆ ತಗೊಳ್ತಾರೆ. ಕೊರೊನಾ ಕಾಲದಲ್ಲಿ ಶುರು ಮಾಡಿದ ಕಷಾಯವನ್ನು ಇನ್ನೂ ಬಿಟ್ಟಿಲ್ಲ. ಅಮೃತಬಳ್ಳಿ, ಜ್ಯೇಷ್ಠಮಧು, ಶುಂಠಿ, ಕಾಳುಮೆಣಸು, ತುಳಸಿ ಹಾಕಿ ಕುದಿಸಿ ದಿನಾ ಬೆಳಿಗ್ಗೆ ಒಂದು ಲೋಟ ಕುಡೀತಾರೆ. ಈಗ ಮಂಡಿನೋವಿಗೆ ಅರಿಶಿನದ ಕ್ಯಾಪ್ಸೂಲ್ ಆನ್‌ಲೈನ್‌ನಲ್ಲಿ ತರಿಸಬೇಕು ಅಂತಿದ್ದಾರೆ. ಹಿಂದೆ ನನ್ನ ತಮ್ಮನಿಗೆ ಕಾಮಾಲೆ ಆದಾಗ ನೆಲನೆಲ್ಲಿ ರಸದಲ್ಲೇ ವಾಸಿಯಾಯಿತು. ಮಗನ ನೆನಪಿನ ಶಕ್ತಿಗೆ ವಾರಕ್ಕೆ ಎರಡು ಸಲ ಒಂದೆಲಗದ ತಂಬುಳಿ ಮಾಡುತ್ತೇನೆ. ನನ್ನ ಗಂಡ "ಇದಕ್ಕೆಲ್ಲ ಪುರಾವೆನೇ ಇಲ್ಲ" ಅಂತಾರೆ. ಅಮ್ಮ "ಎಲ್ಲಾ ರಿಸರ್ಚ್ ಆಗಿದೆ" ಅಂತ ವಾಟ್ಸಾಪ್ ತೋರಿಸ್ತಾರೆ. ಯಾರ ಮಾತು ಸರಿ? ನಿಜವಾಗಿ ಯಾವುದರ ಬಗ್ಗೆ ಸಂಶೋಧನೆ ಆಗಿದೆ?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಿಷಯ ಕಾಯುವಂಥದ್ದಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ. ಅಮ್ಮನ ಕಷಾಯದಿಂದ ಜ್ಯೇಷ್ಠಮಧುವನ್ನು ಇವತ್ತೇ ತೆಗೆದುಬಿಡಿ.

ಜ್ಯೇಷ್ಠಮಧು, ಅಂದರೆ ಅತಿಮಧುರ, ಗಂಟಲಿಗೆ ಹಿತ. ಬೇರನ್ನು ಅಗಿದರೆ ಬಾಯಿ ತುಂಬುವ ಆ ಸಿಹಿ ಬರುವುದು ಗ್ಲಿಸಿರೈಜಿನ್ ಎಂಬ ಅಂಶದಿಂದ. ಅದೇ ಅಂಶ ಮೈಯೊಳಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ನಮ್ಮ ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸುಮ್ಮನಿರಿಸುವ ಒಂದು ಕಿಣ್ವ ಇದೆ. ಗ್ಲಿಸಿರೈಜಿನ್ ಆ ಕಿಣ್ವವನ್ನು ತಡೆಯುತ್ತದೆ. ಆಗ ಮೈ ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಸಿಯಂ ಮೂತ್ರದಲ್ಲಿ ಹೊರಟುಹೋಗುತ್ತದೆ. ಬಿಪಿ ಏರುತ್ತದೆ. ಸ್ವೀಡನ್ನಿನಲ್ಲಿ 28 ಜನ ಆರೋಗ್ಯವಂತ ಯುವಕ ಯುವತಿಯರಿಗೆ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್ ಇರುವ ತಿನಿಸನ್ನು ಎರಡು ವಾರ ಕೊಟ್ಟು ನೋಡಿದರು. 2024ರಲ್ಲಿ ಅದರ ವರದಿ ಬಂತು. ಬಿಪಿಯ ಮೇಲಿನ ಅಂಕ ಸರಾಸರಿ 3ರಷ್ಟು ಏರಿತ್ತು. ಏನೂ ಕಾಯಿಲೆ ಇಲ್ಲದ ಹುಡುಗರಲ್ಲೇ ಇಷ್ಟು. ಒಳ್ಳೆಯ ಬೇರಿನಲ್ಲಿ ನೂರಕ್ಕೆ ನಾಲ್ಕು ಭಾಗ ಗ್ಲಿಸಿರೈಜಿನ್ ಇದೆ ಅಂದುಕೊಂಡರೂ, ಎರಡೂವರೆ ಗ್ರಾಂ ಪುಡಿಯಲ್ಲಿ ಆ 100 ಮಿಲಿಗ್ರಾಂ ಇರುತ್ತದೆ. ಅದು ಒಂದು ಚಿಕ್ಕ ಚಮಚ. ನಿಮ್ಮ ಅಮ್ಮನಿಗೆ 66 ವರ್ಷ, ಬಿಪಿ ಬೇರೆ ಇದೆ, ವರ್ಷಗಟ್ಟಲೆಯಿಂದ ದಿನಾ ಕುಡಿಯುತ್ತಿದ್ದಾರೆ. ಅವರ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದ್ದರೆ ಪೊಟ್ಯಾಸಿಯಂ ಇನ್ನೂ ಜಾಸ್ತಿ ಇಳಿಯಬಹುದು. ಬಿಪಿ ಮಾತ್ರೆಯನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಕಷಾಯದ ವಿಷಯವನ್ನು ಅವರ ಡಾಕ್ಟರಿಗೆ ಹೇಳಿ, ಬಿಪಿ ನೋಡಿಸಿ, ರಕ್ತದಲ್ಲಿ ಪೊಟ್ಯಾಸಿಯಂ ಎಷ್ಟಿದೆ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಕಷಾಯ ಬಿಟ್ಟ ಮೇಲೆ ಬಿಪಿ ಇಳಿಯಲೂಬಹುದು. ಆಗ ಮಾತ್ರೆಯ ಪ್ರಮಾಣ ಬದಲಿಸಬೇಕೋ ಬೇಡವೋ ಅನ್ನುವುದನ್ನು ಅವರೇ ನೋಡಿಕೊಳ್ಳುತ್ತಾರೆ.

ಅಮೃತಬಳ್ಳಿಯನ್ನೂ ದಿನಾ ಕುಡಿಯುವುದು ಬೇಡ. 2021ರಲ್ಲಿ ಮುಂಬೈನ ಯಕೃತ್ತಿನ ತಜ್ಞರು ಆರು ರೋಗಿಗಳ ಬಗ್ಗೆ ಬರೆದರು. ಆರೂ ಜನ ಅಮೃತಬಳ್ಳಿ ಸೇವಿಸುತ್ತಿದ್ದವರು, ಆರೂ ಜನರಿಗೆ ಯಕೃತ್ತು ಊದಿಕೊಂಡಿತ್ತು. ಮರುವರ್ಷ ದೇಶದ 13 ಆಸ್ಪತ್ರೆಗಳಿಂದ ಇಂಥ 43 ರೋಗಿಗಳ ವಿವರ ಪ್ರಕಟವಾಯಿತು. ಹಲವರಲ್ಲಿ ಕಂಡದ್ದು ದೇಹದ ರೋಗನಿರೋಧಕ ಶಕ್ತಿಯೇ ಯಕೃತ್ತಿನ ಮೇಲೆ ತಿರುಗಿಬಿದ್ದಂಥ ಲಕ್ಷಣ. "ಇಮ್ಯುನಿಟಿ ಬರಲಿ" ಅಂತ ಕುಡಿದದ್ದು ಯಾರಿಗೋ ಕೆಲವರಿಗೆ ಅದನ್ನೇ ಕೆರಳಿಸಿರಬಹುದು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಜಾತಿಯ ಇನ್ನೊಂದು ಬಳ್ಳಿ ಸೇರಿಹೋಗಿರಬಹುದು, ಗಿಡದ ಗುರುತನ್ನು ಸರಿಯಾಗಿ ನೋಡಿಲ್ಲ ಅಂತ ಹೇಳಿತು. ಗಿಡದ ಗುರುತಿನ ಮಾತು ನ್ಯಾಯವಾದದ್ದೇ. ಆದರೆ ಮನೆಯಲ್ಲಿ ಕಷಾಯ ಕಾಯಿಸುವವರಿಗೆ ಅದರಿಂದ ಸಮಾಧಾನ ಸಿಗುವುದಿಲ್ಲ. ಬೇಲಿಯ ಮೇಲೆ ಹಬ್ಬಿದ ಬಳ್ಳಿ ಯಾವುದು ಅಂತ ಎಷ್ಟು ಮನೆಯವರಿಗೆ ಗೊತ್ತಾಗುತ್ತದೆ ಹೇಳಿ? ಲಕ್ಷಾಂತರ ಜನ ಕುಡಿದರು, ತೊಂದರೆ ಆದದ್ದು ಕೆಲವರಿಗೆ, ನಿಜ. ಆ ಕೆಲವರು ಯಾರು ಅಂತ ಮೊದಲೇ ತಿಳಿಯುವ ದಾರಿ ಇಲ್ಲ. ಅಮ್ಮನಿಗೆ ಥೈರಾಯ್ಡ್, ಸಂಧಿವಾತದಂಥ ತೊಂದರೆ ಇದ್ದರಂತೂ ಬಿಟ್ಟೇಬಿಡಲಿ. ಪೊಟ್ಯಾಸಿಯಂ ಪರೀಕ್ಷೆಯ ಜೊತೆಗೇ ಯಕೃತ್ತಿನ ಪರೀಕ್ಷೆಯನ್ನೂ ಮಾಡಿಸಿಬಿಡಿ.

ಇನ್ನು ನಿಮ್ಮ ದೊಡ್ಡ ಪ್ರಶ್ನೆ. ಅಮ್ಮ ಮತ್ತು ಯಜಮಾನರು, ಇಬ್ಬರೂ ಆಯುರ್ವೇದವನ್ನು ಒಂದೇ ಗಂಟಾಗಿ ಕಟ್ಟಿ ಮಾತಾಡುತ್ತಿದ್ದಾರೆ. ಒಬ್ಬರು ಇಡೀ ಗಂಟನ್ನು ತಲೆಯ ಮೇಲೆ ಹೊರುತ್ತಾರೆ, ಇನ್ನೊಬ್ಬರು ಇಡೀ ಗಂಟನ್ನು ಬಾವಿಗೆ ಹಾಕುತ್ತಾರೆ. ಗಂಟು ಬಿಚ್ಚಿ ನೋಡಬೇಕು. ಯಾವ ಗಿಡ, ಅದರ ಯಾವ ಭಾಗ, ಎಷ್ಟು ಪ್ರಮಾಣ, ಯಾವ ಕಾಯಿಲೆಗೆ, ಎಂಥ ಜನರಿಗೆ ಕೊಟ್ಟು ನೋಡಿದ್ದಾರೆ? ನಾನು ದ್ರವ್ಯಗುಣ ಓದಿದವಳು. ಔಷಧಿ ಗಿಡಗಳ ಗುರುತು ಮತ್ತು ಗುಣವನ್ನು ನೋಡುವುದೇ ನನ್ನ ದಿನದ ಕೆಲಸ. ಇಷ್ಟು ವರ್ಷದಲ್ಲಿ ನನಗೆ ಮತ್ತೆ ಮತ್ತೆ ಎದುರಾಗುವ ಸಂಗತಿ ಒಂದೇ: ಸಂಶೋಧನೆಯಲ್ಲಿ ಪರೀಕ್ಷೆಗೆ ಒಳಗಾದ ವಸ್ತುವೂ ನಮ್ಮ ಅಡುಗೆಮನೆಯ ಲೋಟದಲ್ಲಿರುವ ವಸ್ತುವೂ ತೀರಾ ಅಪರೂಪಕ್ಕೆ ಒಂದೇ ಆಗಿರುತ್ತವೆ.

ನಿಮ್ಮ ತಮ್ಮನ ನೆಲನೆಲ್ಲಿಯನ್ನೇ ನೋಡೋಣ. ಇದರ ಕಥೆ ಸ್ವಲ್ಪ ಉದ್ದ, ಆದರೆ ತಿಳಿದಿರಬೇಕಾದದ್ದು.

1988ರಲ್ಲಿ ಲ್ಯಾನ್ಸೆಟ್ ಎಂಬ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಚೆನ್ನೈನ ಸಂಶೋಧಕರ ಒಂದು ಲೇಖನ ಬಂತು. ಅವರ ಜೊತೆಗಿದ್ದವರು ಬರೂಕ್ ಬ್ಲೂಂಬರ್ಗ್. ಹೆಪಟೈಟಿಸ್ ಬಿ ವೈರಸ್ಸನ್ನು ಪತ್ತೆ ಮಾಡಿ ನೊಬೆಲ್ ಪಡೆದವರು. ಮೈಯಲ್ಲಿ ಆ ವೈರಸ್ಸನ್ನು ಹೊತ್ತು ತಿರುಗುತ್ತಿದ್ದ ಜನರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟರು. ಇನ್ನೊಂದು ಗುಂಪಿಗೆ ಡಮ್ಮಿ ಔಷಧಿ, ಅಂದರೆ ನೋಡಲು ಹಾಗೇ ಇದ್ದು ಒಳಗೆ ಔಷಧಿ ಇಲ್ಲದ್ದು. ನೆಲನೆಲ್ಲಿ ತಗೊಂಡ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಡಮ್ಮಿ ತಗೊಂಡ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ನಮ್ಮ ಗದ್ದೆ ಬದುವಿನ ಗಿಡ ಇಷ್ಟು ಮಾಡಿತಲ್ಲ ಅಂತ ಎಲ್ಲರಿಗೂ ಸಂಭ್ರಮ. ಆಮೇಲೆ ಥಾಯ್ಲೆಂಡಿನಲ್ಲಿ ಮಾಡಿ ನೋಡಿದರು, ಫಲ ಸಿಗಲಿಲ್ಲ. ನ್ಯೂಜಿಲೆಂಡಿನಲ್ಲಿ ನೋಡಿದರು, ಅಲ್ಲೂ ಇಲ್ಲ. 2011ರಲ್ಲಿ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ಇಟ್ಟು ತೂಗಿ ನೋಡಿದ ಕಾಕ್ರೇನ್ ವಿಮರ್ಶೆ, ನೆಲನೆಲ್ಲಿ ಡಮ್ಮಿಗಿಂತ ಮೇಲು ಅನ್ನುವುದಕ್ಕೆ ನಂಬುವಂಥ ಆಧಾರ ಇಲ್ಲ ಅಂತ ಹೇಳಿತು.

ವಾಟ್ಸಾಪಿನಲ್ಲಿ ಬರುವುದು ಈ ಕಥೆಯ ಮೊದಲ ಅರ್ಧ ಮಾತ್ರ. ಅದು ಸುಳ್ಳಲ್ಲ. 1988ರ ಲೇಖನ ನಿಜವಾಗಿಯೂ ಇದೆ. ಒಂದೇ ಪ್ರಯೋಗದಲ್ಲಿ ಅಷ್ಟು ದೊಡ್ಡ ಫಲ ಕಂಡಾಗ ಖುಷಿಪಡಬೇಕು, ಇನ್ನೊಬ್ಬರು ಇನ್ನೊಂದು ಊರಲ್ಲಿ ಮಾಡಿದಾಗಲೂ ಅದೇ ಬರುತ್ತದಾ ಅಂತ ಕಾಯಬೇಕು.

ಹಾಗಾದರೆ ತಮ್ಮ ವಾಸಿಯಾದದ್ದು ಹೇಗೆ? ನಮ್ಮಲ್ಲಿ ಹುಡುಗರಿಗೆ ಬರುವ ಕಾಮಾಲೆಗೆ ಬಹಳ ಸಲ ಕಾರಣ ಹೆಪಟೈಟಿಸ್ ಎ. ಕೊಳಕು ನೀರು, ಆಹಾರದಿಂದ ಬರುವಂಥದ್ದು. ಚೆನ್ನೈನವರು ನೋಡಿದ ವೈರಸ್ಸೇ ಬೇರೆ, ಇದೇ ಬೇರೆ. ಹೆಪಟೈಟಿಸ್ ಎ ಬಂದ ಮಕ್ಕಳಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆ ವಾರಗಳಲ್ಲಿ ಯಾವ ರಸ ಕುಡಿದಿದ್ದರೂ ವಾಸಿ ಮಾಡಿದ ಹೆಸರು ಆ ರಸಕ್ಕೇ ಬರುತ್ತದೆ. ನೆಲನೆಲ್ಲಿ ಕೊಟ್ಟ ನಿಮ್ಮ ಅಮ್ಮನ ಆರೈಕೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಮಲಗಿಸಿ, ಗಂಜಿ ಕೊಟ್ಟು, ಎಣ್ಣೆ ಪದಾರ್ಥ ತಪ್ಪಿಸಿ, ಪಕ್ಕದಲ್ಲೇ ಕೂತು ನೋಡಿಕೊಂಡಿದ್ದಾರೆ. ಅದು ದೊಡ್ಡ ಕೆಲಸ. ಆದರೆ ಎಲ್ಲ ಕಾಮಾಲೆಯೂ ಹೀಗಲ್ಲ. ಪಿತ್ತಕೋಶದ ಕಲ್ಲು ಸಿಕ್ಕಿಕೊಂಡು ಬರುವ ಕಾಮಾಲೆ ಇದೆ. ಗರ್ಭಿಣಿಯರಿಗೆ ಹೆಪಟೈಟಿಸ್ ಇ ಬಂದರೆ ಪ್ರಾಣಕ್ಕೇ ಅಪಾಯ. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ. ಬಾಯಿ ತೊದಲುವುದು, ಮಂಪರು, ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆ.

ಸಾಮಾನ್ಯ ಕಾಯಿಲೆಗಳ ಔಷಧಿಯನ್ನು ಪರೀಕ್ಷಿಸುವುದು ಕಷ್ಟ ಆಗುವುದೇ ಇದಕ್ಕೆ. ನೆಗಡಿ ವಾರ ಹತ್ತು ದಿನದಲ್ಲಿ ಹೋಗುತ್ತದೆ. ಮಂಡಿನೋವು ಒಂದು ತಿಂಗಳು ಹೆಚ್ಚು, ಒಂದು ತಿಂಗಳು ಕಡಿಮೆ. ನಾವು ಔಷಧಿ ಶುರು ಮಾಡುವುದು ನೋವು ತೀರಾ ಜೋರಾದಾಗ. ಜೋರಾದದ್ದು ಹೇಗೂ ಸ್ವಲ್ಪ ಇಳಿಯಲೇಬೇಕು. ಅದಕ್ಕಾಗಿಯೇ ಡಮ್ಮಿ ಗುಂಪು ಬೇಕಾಗುವುದು, ಯಾರಿಗೆ ಯಾವುದು ಅಂತ ಚೀಟಿ ಎತ್ತಿದ ಹಾಗೆ ಹಂಚುವುದು.

ಇಲ್ಲಿ ನಮ್ಮವರು ಒಂದು ಆಕ್ಷೇಪ ಎತ್ತುತ್ತಾರೆ: "ಆಯುರ್ವೇದದಲ್ಲಿ ಒಬ್ಬೊಬ್ಬರ ಪ್ರಕೃತಿಗೆ ಒಂದೊಂದು ಔಷಧಿ, ಅದನ್ನು ನಿಮ್ಮ ಡಮ್ಮಿ ಪರೀಕ್ಷೆಗೆ ಹಾಕಲು ಆಗುವುದಿಲ್ಲ." ಆಗುತ್ತದೆ. ಕೊಯಮತ್ತೂರಿನಲ್ಲಿ ಮಾಡಿ ತೋರಿಸಿದ್ದಾರೆ. ಕೀಲುಗಳು ಊದುವ ರುಮಟಾಯ್ಡ್ ಸಂಧಿವಾತದ 43 ರೋಗಿಗಳು. ವೈದ್ಯರು ಒಬ್ಬೊಬ್ಬರನ್ನೂ ನೋಡಿ ತಮ್ಮ ಪದ್ಧತಿಯಂತೆ ಬೇರೆ ಬೇರೆ ಔಷಧಿಯನ್ನೇ ಬರೆದರು. ಆದರೆ ರೋಗಿಗೆ ಸಿಗುವುದು ಆ ಔಷಧಿಯೋ ಅದರಂತೆಯೇ ಕಾಣುವ ಡಮ್ಮಿಯೋ ಅನ್ನುವುದು ವೈದ್ಯರಿಗೂ ಗೊತ್ತಿಲ್ಲ, ರೋಗಿಗೂ ಗೊತ್ತಿಲ್ಲ. ಒಂದು ಗುಂಪಿಗೆ ಆಯುರ್ವೇದ, ಒಂದಕ್ಕೆ ಈ ಕಾಯಿಲೆಗೆ ಆಸ್ಪತ್ರೆಗಳಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಔಷಧಿ, ಇನ್ನೊಂದಕ್ಕೆ ಎರಡೂ. 36 ವಾರ ನಡೆಯಿತು, 2011ರಲ್ಲಿ ಪ್ರಕಟವಾಯಿತು. ಮೂರೂ ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಒಂದೇ. 43 ಜನ ತುಂಬಾ ಕಡಿಮೆ, ಇದರ ಮೇಲೆ ಮೆಥೊಟ್ರೆಕ್ಸೇಟ್ ಬಿಡಿ ಅಂತ ಯಾರೂ ಹೇಳಬಾರದು. ಆದರೆ ದಾರಿ ಇದೆ ಅನ್ನುವುದು ಸಾಬೀತಾಯಿತು. ಇಂಥ ಪ್ರಯೋಗ ಐನೂರು ಜನರ ಮೇಲೆ ಆಗಬೇಕು ಅನ್ನುವುದು ನನ್ನ ಬಹಳ ದಿನದ ಆಸೆ.

"ಪುರಾವೆನೇ ಇಲ್ಲ" ಅನ್ನುವ ನಿಮ್ಮ ಯಜಮಾನರಿಗೆ ಎರಡು ವಿಷಯ ಹೇಳಿ. ಒಂದು, ಸರ್ಪಗಂಧ. 1949ರಲ್ಲಿ ಬಾಂಬೆಯ ಹೃದಯತಜ್ಞ ರುಸ್ತುಂ ಜಾಲ್ ವಕೀಲ್ ಅವರು ಬಿಪಿ ಇದ್ದ 50 ರೋಗಿಗಳ ಮೇಲೆ ಈ ಬೇರಿನ ಪರಿಣಾಮವನ್ನು ಬ್ರಿಟಿಷ್ ಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಅದರಿಂದ ರೆಸರ್ಪೀನ್ ಎಂಬ ಅಂಶವನ್ನು ಬೇರ್ಪಡಿಸಿದರು. ಬಿಪಿಗೆ ಬಂದ ಮೊದಮೊದಲ ಪರಿಣಾಮಕಾರಿ ಔಷಧಿಗಳಲ್ಲಿ ಅದೂ ಒಂದು. ಜಾಸ್ತಿ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಿಗೆ ಮನಸ್ಸು ಕುಗ್ಗುವುದು ಕಂಡುಬಂತು, ಹೊಸ ಮಾತ್ರೆಗಳು ಬಂದ ಮೇಲೆ ಬಳಕೆ ಕಡಿಮೆಯಾಯಿತು. (ಅಮ್ಮನಿಗೆ ಯಾರಾದರೂ ಸರ್ಪಗಂಧ ತಗೊಳ್ಳಿ ಅಂದರೆ ಬೇಡ ಅನ್ನಿ. ಬಿಪಿ ಮಾತ್ರೆಯ ಮೇಲೆ ಅದೂ ಸೇರುವುದು ಸರಿಯಲ್ಲ.)

ಎರಡನೆಯದು ನನಗೆ ತುಂಬಾ ಪ್ರೀತಿಯ ವಿಷಯ. ಕ್ಷಾರಸೂತ್ರ. ಭಗಂದರ, ಅಂದರೆ ಗುದದ್ವಾರದ ಪಕ್ಕ ಕೀವಿನ ಸುರಂಗ ಆಗುವ ಫಿಸ್ಟುಲಾಕ್ಕೆ ಸುಶ್ರುತನ ಕಾಲದಿಂದ ಇರುವ ಚಿಕಿತ್ಸೆ. ಈ ದಾರವನ್ನು ಮಾಡುವುದನ್ನು ಒಮ್ಮೆ ನೋಡಬೇಕು. ಗಟ್ಟಿ ಲಿನನ್ ನೂಲನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಎಲೆಕಳ್ಳಿಯ ಹಾಲನ್ನು ಸವರಿ ಒಣಗಿಸುತ್ತಾರೆ. ಹೀಗೆ 11 ಸಲ. ಆಮೇಲೆ ಕಳ್ಳಿ ಹಾಲಿನ ಜೊತೆ ಉತ್ತರಾಣಿ ಗಿಡ ಸುಟ್ಟು ತೆಗೆದ ಕ್ಷಾರ, 7 ಸಲ. ಕೊನೆಗೆ ಕಳ್ಳಿ ಹಾಲು ಮತ್ತು ಅರಿಶಿನ, 3 ಸಲ. ಒಟ್ಟು 21 ಲೇಪ. ಬಿಳಿ ನೂಲು ಹಳದಿಯಾಗಿ, ಮುಟ್ಟಿದರೆ ತಂತಿಯಂತೆ ಒರಟಾಗಿರುತ್ತದೆ. ಅದನ್ನು ಸುರಂಗದೊಳಗೆ ಹಾಯಿಸಿ ಕಟ್ಟಿ ವಾರಕ್ಕೊಮ್ಮೆ ಬದಲಿಸುತ್ತಾರೆ. ದಾರ ನಿಧಾನವಾಗಿ ಕೊಯ್ಯುತ್ತಾ ಹೋಗುತ್ತದೆ, ಹಿಂದೆಯೇ ಗಾಯ ಮಾಯುತ್ತಾ ಬರುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇದನ್ನು ಹಲವು ಆಸ್ಪತ್ರೆಗಳಲ್ಲಿ ಐನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಆಪರೇಷನ್ ಜೊತೆ ಹೋಲಿಸಿ ನೋಡಿತು. 1991ರಲ್ಲಿ ಫಲಿತಾಂಶ ಬಂತು. ದಾರದಲ್ಲಿ ವಾಸಿಯಾಗಲು ಜಾಸ್ತಿ ದಿನ ಹಿಡಿಯಿತು: ಆಪರೇಷನ್ನಿಗೆ 4 ವಾರ ಆದರೆ ದಾರಕ್ಕೆ 8 ವಾರ. ಆದರೆ ವರ್ಷದೊಳಗೆ ಮತ್ತೆ ಬಂದದ್ದು ಆಪರೇಷನ್ ಆದವರಲ್ಲಿ ನೂರಕ್ಕೆ 11, ದಾರ ಹಾಕಿಸಿಕೊಂಡವರಲ್ಲಿ ನೂರಕ್ಕೆ 4. ನನಗೆ ಇದು ಇಷ್ಟವಾಗುವುದು ಯಾಕೆ ಗೊತ್ತಾ? ಹಳೆಯ ಚಿಕಿತ್ಸೆಯನ್ನು ಇದ್ದ ಹಾಗೆಯೇ ಪರೀಕ್ಷೆಗೆ ಹಾಕಿದರು. ಅದರೊಳಗಿನ ಯಾವುದೋ ಒಂದು ಅಂಶವನ್ನು ಹಿಂಡಿ ತೆಗೆಯಲಿಲ್ಲ. ಎಲ್ಲಿ ಸೋತಿತು, ಎಲ್ಲಿ ಗೆದ್ದಿತು, ಎರಡನ್ನೂ ಬರೆದರು. ಇವತ್ತು ರೋಗಿ ಕೇಳಿದರೆ ಎರಡು ದಾರಿಯನ್ನೂ ಮುಂದಿಟ್ಟು ಪ್ರಾಮಾಣಿಕವಾಗಿ ಮಾತಾಡಬಹುದು.

ಅರಿಶಿನಕ್ಕೆ ಬರೋಣ. ಅರಿಶಿನದ ಪುಡಿಯಲ್ಲಿ ಅದರ ಮುಖ್ಯ ಅಂಶವಾದ ಕರ್ಕ್ಯುಮಿನ್ ಇರುವುದು ಸುಮಾರು ನೂರಕ್ಕೆ ಮೂರು ಭಾಗ. ಮೂರು ಗ್ರಾಂ ಪುಡಿ ತಿಂದರೆ 90 ಮಿಲಿಗ್ರಾಂ. ಅದರಲ್ಲೂ ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರೀನ್, ಅಂದರೆ ಕಾಳುಮೆಣಸಿನ ಖಾರದ ಅಂಶ ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಪ್ರಮಾಣ 20 ಪಟ್ಟು ಏರಿತು. ಜಗತ್ತಿನ ಎಷ್ಟೋ ಅರಿಶಿನ ಕ್ಯಾಪ್ಸೂಲುಗಳಲ್ಲಿ ಕಾಳುಮೆಣಸಿನ ಸಾರ ಇರುವುದು ಈ ಕೆಲಸದಿಂದಾಗಿಯೇ.

ಮಂಡಿ ಸವೆತಕ್ಕೆ ಅರಿಶಿನದ ಸಾರವನ್ನು ಥಾಯ್ಲೆಂಡಿನಲ್ಲಿ 367 ಜನರ ಮೇಲೆ ನೋಡಿದ್ದಾರೆ, 2014ರಲ್ಲಿ. ದಿನಕ್ಕೆ 1,500 ಮಿಲಿಗ್ರಾಂ ಸಾರ ಒಂದು ಕಡೆ, 1,200 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ ಇನ್ನೊಂದು ಕಡೆ. ನಾಲ್ಕು ವಾರದಲ್ಲಿ ನೋವು ಎರಡರಲ್ಲೂ ಒಂದೇ ತರ ಇಳಿಯಿತು. ಹೊಟ್ಟೆಯ ತೊಂದರೆ ಅರಿಶಿನದಲ್ಲಿ ಕಡಿಮೆ. ಬರೀ ನಾಲ್ಕು ವಾರದ ಮಾತು ಅನ್ನುವುದನ್ನು ಮರೆಯಬೇಡಿ. ಹಾಗಂತ ಇದು ಸಣ್ಣ ಸಂಗತಿಯೂ ಅಲ್ಲ, ಯಾಕೆಂದರೆ ಬಿಪಿ ಇರುವವರಿಗೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ಒಳ್ಳೆಯದಲ್ಲ. ಅವೂ ಬಿಪಿ ಏರಿಸುತ್ತವೆ.

ಆದರೂ ಅಮ್ಮ ಸುಮ್ನೆ ಆನ್‌ಲೈನ್‌ನಲ್ಲಿ ತರಿಸಿ ನುಂಗುವುದು ಬೇಡ. ಸಾರಿನಲ್ಲಿ, ಹಾಲಿನಲ್ಲಿ ಹಾಕುವ ಅರಿಶಿನಕ್ಕೆ ತಲೆಮಾರುಗಳ ಅನುಭವ ಇದೆ. ಹೀರಿಕೆ ಹೆಚ್ಚಿಸಿದ ಕ್ಯಾಪ್ಸೂಲಿಗೆ ಆ ಅನುಭವ ಇಲ್ಲ, ಅದು ಹೊಸ ವಸ್ತು. 2022ರಲ್ಲಿ ಅಮೆರಿಕದ ಸಂಶೋಧಕರು ಅರಿಶಿನದ ಪೂರಕಗಳಿಂದ ಯಕೃತ್ತಿಗೆ ಪೆಟ್ಟಾದ 10 ಜನರ ವಿವರ ಕೊಟ್ಟರು. ಅವರಲ್ಲಿ 7 ಮಂದಿಯಲ್ಲಿ ಒಂದೇ ಬಗೆಯ ಜೀನ್ ಇತ್ತು. ಕಾಳುಮೆಣಸಿನ ಸಾರ ಕರ್ಕ್ಯುಮಿನ್ನನ್ನು ಮಾತ್ರ ಏರಿಸುವುದಿಲ್ಲ, ಪ್ರೊಪ್ರನೊಲಾಲ್‌ನಂಥ ಬಿಪಿ ಮಾತ್ರೆಯ ಮಟ್ಟವನ್ನೂ ಏರಿಸಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲು ಇರುವವರು ಇದರ ಹತ್ತಿರ ಹೋಗಬಾರದು.

ಮಂಡಿನೋವಿಗೆ ಇನ್ನೂ ಎರಡು ಒಳ್ಳೆಯ ಪ್ರಯೋಗಗಳಿವೆ. 2013ರಲ್ಲಿ ಪ್ರಕಟವಾದ ನಮ್ಮ ದೇಶದ ಪ್ರಯೋಗದಲ್ಲಿ 440 ರೋಗಿಗಳು, 24 ವಾರ. ಶುಂಠಿ, ಅಮೃತಬಳ್ಳಿ, ನೆಲ್ಲಿಕಾಯಿ ಮುಂತಾದವು ಸೇರಿದ ಔಷಧಿಯನ್ನು ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆ ಮತ್ತು ಗ್ಲುಕೋಸಮೈನ್ ಎಂಬ ಕೀಲಿನ ಪೂರಕದ ಜೊತೆ ಹೋಲಿಸಿದರು. ನೋವು ಇಳಿಸುವುದರಲ್ಲಿ ಆಯುರ್ವೇದದ ಔಷಧಿ ಅವುಗಳಿಗೆ ಸಮ ಅಂತ ಕಂಡುಬಂತು. ಅದೇ ಪ್ರಯೋಗದಲ್ಲಿ ಆಯುರ್ವೇದ ಗುಂಪಿನ ಕೆಲವರ ಯಕೃತ್ತಿನ ಕಿಣ್ವ ಏರಿತು, ಔಷಧಿ ನಿಲ್ಲಿಸಿದಾಗ ಇಳಿಯಿತು. ಅಮೃತಬಳ್ಳಿಯ ಗಲಾಟೆ ಏಳುವುದಕ್ಕೆ ಎಂಟು ವರ್ಷ ಮೊದಲೇ ಆ ಸಂಶೋಧಕರು ಇದನ್ನು ಮುಚ್ಚಿಡದೆ ಬರೆದಿದ್ದರು! ಇನ್ನೊಂದು ಜರ್ಮನಿಯ ಬರ್ಲಿನ್‌ನಲ್ಲಿ ನಡೆದದ್ದು, 151 ರೋಗಿಗಳು, 2018ರಲ್ಲಿ ಪ್ರಕಟ. ಅಭ್ಯಂಗ, ಆಹಾರದ ಸಲಹೆ, ಯೋಗ, ಔಷಧಿ ಎಲ್ಲ ಸೇರಿದ 12 ವಾರದ ಚಿಕಿತ್ಸೆ. ನೋವು ಮತ್ತು ಓಡಾಟದ ಕಷ್ಟವನ್ನು ಅಳೆಯುವ ಅಂಕ ಆಯುರ್ವೇದ ಗುಂಪಿನಲ್ಲಿ 61ರಷ್ಟು ಇಳಿಯಿತು, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 32ರಷ್ಟು. ರೋಗಿಗಳಿಗೆ ತಮಗೆ ಯಾವುದು ಸಿಗುತ್ತಿದೆ ಅಂತ ಗೊತ್ತಿತ್ತು, ಮೈ ಉಜ್ಜಿಸಿಕೊಂಡ ಹಿತವೂ ಅದರಲ್ಲಿ ಸೇರಿದೆ. ಆದರೆ ನಿಮ್ಮ ಅಮ್ಮನಿಗೆ ನಾನು ಶುರು ಮಾಡಿ ಅನ್ನುವುದು ಇದನ್ನೇ. ಬೆಚ್ಚಗಿನ ಎಳ್ಳೆಣ್ಣೆ ಹಚ್ಚಿ ಹತ್ತು ನಿಮಿಷ ನೀವುವುದು, ತೊಡೆಯ ಸ್ನಾಯು ಗಟ್ಟಿಯಾಗಲು ಕುರ್ಚಿಯಲ್ಲಿ ಕೂತು ಕಾಲು ನೇರ ಮಾಡಿ ಹಿಡಿಯುವ ವ್ಯಾಯಾಮ, ತೂಕ ಜಾಸ್ತಿ ಇದ್ದರೆ ಇಳಿಸುವುದು. ಇದ್ಯಾವುದೂ ಯಕೃತ್ತಿಗೆ ಹೋಗುವುದಿಲ್ಲ.

ಒಂದೆಲಗದ ವಿಷಯದಲ್ಲಿ ಒಂದು ಹೆಸರಿನ ಗೋಜಲು ಇದೆ. ನಮ್ಮ ಪ್ರಯೋಗಾಲಯಕ್ಕೆ ಒಮ್ಮೆ "ಬ್ರಾಹ್ಮಿ" ಅಂತ ಚೀಟಿ ಅಂಟಿಸಿದ ಎರಡು ಚೀಲ ಬಂದವು. ಒಂದರಲ್ಲಿ ಮೂತ್ರಪಿಂಡದ ಆಕಾರದ, ಅಂಚು ಕಚ್ಚಿದಂತಿರುವ ದುಂಡು ಎಲೆಗಳು. ಇನ್ನೊಂದರಲ್ಲಿ ಉಗುರಿನಷ್ಟೇ ಇರುವ, ಒಣಗಿದರೂ ದಪ್ಪ ಅನ್ನಿಸುವ ಎಲೆಗಳು. ಮೊದಲನೆಯದು ಒಂದೆಲಗ, ತುಳುವಿನಲ್ಲಿ ತಿಮರೆ. ಗ್ರಂಥದ ಮಂಡೂಕಪರ್ಣಿ. ಎರಡನೆಯದು ನೀರುಬ್ರಾಹ್ಮಿ. ಎರಡನ್ನೂ ಜನ ಬ್ರಾಹ್ಮಿ ಅಂತಲೇ ಕರೆಯುತ್ತಾರೆ. ನೆನಪಿನ ಶಕ್ತಿಯ ಬಗ್ಗೆ ಹೆಚ್ಚಿನ ಪ್ರಯೋಗಗಳು ಆಗಿರುವುದು ನೀರುಬ್ರಾಹ್ಮಿಯ ಮೇಲೆ. ಆಸ್ಟ್ರೇಲಿಯಾದಲ್ಲಿ 2001ರಲ್ಲಿ ದಿನಕ್ಕೆ 300 ಮಿಲಿಗ್ರಾಂ ಸಾರವನ್ನು ದೊಡ್ಡವರಿಗೆ ಕೊಟ್ಟು ನೋಡಿದಾಗ 12 ವಾರಗಳ ಮೇಲೆ ಕಲಿಯುವ ವೇಗದಲ್ಲಿ ಸುಧಾರಣೆ ಕಂಡಿತು. ನಿಮ್ಮ ಮಗನ ತಂಬುಳಿಗೆ ಆ ಫಲಿತಾಂಶವನ್ನು ಅಂಟಿಸಲು ಆಗುವುದಿಲ್ಲ. ಗಿಡ ಬೇರೆ, ಪ್ರಮಾಣ ಬೇರೆ, ವಯಸ್ಸು ಬೇರೆ. ತಂಬುಳಿ ನಿಲ್ಲಿಸಬೇಡಿ, ಒಳ್ಳೆಯ ಊಟ ಅದು. ಸೊಪ್ಪು ನೀರು ನಿಲ್ಲುವ ಜಾಗದಲ್ಲಿ ಬೆಳೆಯುತ್ತದೆ, ಮೂರು ನಾಲ್ಕು ಸಲ ಚೆನ್ನಾಗಿ ತೊಳೆಯಿರಿ.

ಕಷಾಯ ಪೂರ್ತಿ ಬಿಡಬೇಕಾ ಅಂತ ಅಮ್ಮ ಬೇಜಾರು ಮಾಡಿಕೊಳ್ಳಬಹುದು. ಬೇಕಾಗಿಲ್ಲ. ನೆಗಡಿ, ಕೆಮ್ಮು ಬಂದಾಗ ನಾಲ್ಕೈದು ದಿನ ಶುಂಠಿ, ತುಳಸಿ, ಸ್ವಲ್ಪ ಕಾಳುಮೆಣಸು ಹಾಕಿ ಬಿಸಿಬಿಸಿ ಕುಡಿಯಲಿ. ನೆಗಡಿಯ ದಿನ ಕಡಿಮೆ ಆಗುತ್ತದೆ ಅಂತ ನಾನು ಹೇಳಲಾರೆ, ಗಂಟಲಿಗೆ ಹಿತ ಖಂಡಿತ. ಕೆಮ್ಮಿಗೆ ಜೇನಿನ ಬಗ್ಗೆ ಒಳ್ಳೆಯ ಪ್ರಯೋಗಗಳಿವೆ. ಇಸ್ರೇಲಿನಲ್ಲಿ 300 ಮಕ್ಕಳಿಗೆ ಮಲಗುವ ಮುಂಚೆ ಜೇನು ಅಥವಾ ಅದರಂತೆಯೇ ಇರುವ ಖರ್ಜೂರದ ಪಾಕ ಕೊಟ್ಟು ನೋಡಿದರು, ಜೇನು ಕುಡಿದ ಮಕ್ಕಳ ರಾತ್ರಿ ಕೆಮ್ಮು ಹೆಚ್ಚು ತಗ್ಗಿತು. ಒಂದು ವರ್ಷದ ಒಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೇಬೇಡಿ, ಬಾಟುಲಿಸಂ ಎಂಬ ಅಪಾಯ ಇದೆ. ಕಫಕ್ಕೆ ಕೊಡುತ್ತಿದ್ದ ಆಡುಸೋಗೆಯ ಕಥೆ ಇನ್ನೂ ಚೆಂದ. ಅದರ ವಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ಮಾಡಿದ್ದು. ಅಂಗಡಿಯ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಇರುವುದು ಅದೇ.

ಮುಂದೆ "ರಿಸರ್ಚ್ ಆಗಿದೆ" ಅಂತ ಮೆಸೇಜ್ ಬಂದಾಗ ಮೊದಲು ನೋಡಬೇಕಾದದ್ದು, ಪ್ರಯೋಗ ಆದದ್ದು ಗಾಜಿನ ನಳಿಕೆಯಲ್ಲೋ, ಇಲಿಯಲ್ಲೋ, ಮನುಷ್ಯರಲ್ಲೋ ಅಂತ. ಬಹಳ ಮೆಸೇಜುಗಳು ಇಲ್ಲೇ ನಿಂತುಹೋಗುತ್ತವೆ. ಮನುಷ್ಯರಲ್ಲಿ ಆಗಿದ್ದರೆ ಎಷ್ಟು ಜನ, ಯಾವುದರ ಜೊತೆ ಹೋಲಿಕೆ? ನಮ್ಮ ದೇಶದಲ್ಲಿ 2007ರಿಂದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಇದೆ. ಆಯುರ್ವೇದದ ಪ್ರಯೋಗಗಳೂ ಅಲ್ಲಿ ದಾಖಲಾಗುತ್ತವೆ. ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ತೆರೆದು ಗಿಡದ ಹೆಸರು ಹಾಕಿ ಹುಡುಕಬಹುದು. ಶುರುವಾಗುವ ಮೊದಲೇ ಏನನ್ನು ಅಳೆಯುತ್ತೇವೆ ಅಂತ ಬರೆದಿಟ್ಟ ಪ್ರಯೋಗಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಆಮೇಲೆ ಗುರಿ ಬದಲಿಸಿದರೆ ಗೊತ್ತಾಗಿಬಿಡುತ್ತದಲ್ಲ.

ಡಬ್ಬಿಯ ಮೇಲೆ ಲೈಸೆನ್ಸ್ ನಂಬರ್ ಇದ್ದರೆ ಅದು ಕೆಲಸ ಮಾಡುತ್ತದೆ ಅಂತ ಸಾಬೀತಾಗಿದೆ ಅಂದುಕೊಳ್ಳಬೇಡಿ. ಕಾನೂನಿನಲ್ಲಿ ಪಟ್ಟಿ ಮಾಡಿದ ಹಳೆಯ ಗ್ರಂಥಗಳಲ್ಲಿ ಇರುವ ಔಷಧಿಯನ್ನು ಅಲ್ಲಿ ಹೇಳಿದ ಕಾಯಿಲೆಗೇ ಮಾರಲು ಹೊಸ ಪ್ರಯೋಗ ಮಾಡಿ ತೋರಿಸಬೇಕಾಗಿಲ್ಲ. ಆದರೂ ಲೈಸೆನ್ಸ್ ಬೇಕೇ ಬೇಕು, ಅದಿಲ್ಲದ್ದನ್ನು ಮುಟ್ಟಲೇಬಾರದು. ಬಿಪಿ, ಸಕ್ಕರೆ ಕಾಯಿಲೆ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರ ಅಪರಾಧ. ಆ ಮಾತು ಕಂಡ ತಕ್ಷಣ ಡಬ್ಬಿಯನ್ನು ಕೆಳಗಿಡಿ. ಆನ್‌ಲೈನ್ ಖರೀದಿಗೆ ನಾನು ಹೆದರುವುದಕ್ಕೆ ಕಾರಣ ಇದೆ. 2008ರಲ್ಲಿ ಅಮೆರಿಕದ ಸಂಶೋಧಕರು ಇಂಟರ್ನೆಟ್ಟಿನಲ್ಲಿ ಕೊಂಡ 193 ಆಯುರ್ವೇದ ಔಷಧಿಗಳನ್ನು ಪರೀಕ್ಷಿಸಿದಾಗ ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಲೋಹ ಸುಟ್ಟು ಮಾಡುವ ಭಸ್ಮ ಸೇರದ, ಬರೀ ಸೊಪ್ಪು ಬೇರಿನ ಔಷಧಿಗಳಲ್ಲೂ ಸಿಕ್ಕಿತು. ಅಡುಗೆಯ ಅರಿಶಿನಕ್ಕೇ ಬಣ್ಣ ಬರಲಿ ಅಂತ ಸೀಸದ ಕ್ರೋಮೇಟ್ ಬೆರೆಸುವವರಿದ್ದಾರೆ. ಸಾಧ್ಯವಾದರೆ ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸಿ.

ಅಮ್ಮನಿಗೆ ಈ ಉತ್ತರವನ್ನು ನೀವೇ ಓದಿ ಹೇಳಿ, ಯಜಮಾನರ ಬಾಯಲ್ಲಿ ಬೇಡ. ಕಷಾಯ ನಿಲ್ಲಿಸಿದ ದಿನದಿಂದ ಎರಡು ವಾರ ಬೆಳಿಗ್ಗೆ ಒಂದೇ ಹೊತ್ತಿಗೆ, ಐದು ನಿಮಿಷ ಕೂತು ಸುಧಾರಿಸಿಕೊಂಡ ಮೇಲೆ ಬಿಪಿ ನೋಡಿ ಒಂದು ಚೀಟಿಯಲ್ಲಿ ಬರೆದಿಡಿ. ಜೊತೆಗೆ ಆ ಅಮೃತಬಳ್ಳಿಯ ಎಲೆ ಮತ್ತು ಕಾಂಡ ಹತ್ತಿರದಿಂದ ಕಾಣುವಂತೆ ಫೋಟೋ ತೆಗೆಯಿರಿ, ಕಾಂಡದ ಮೇಲಿನ ಗಂಟುಗಳು ಸ್ಪಷ್ಟವಾಗಿ ಬರಲಿ. ಚೀಟಿ, ರಕ್ತ ಪರೀಕ್ಷೆಯ ವರದಿ, ಫೋಟೋ ಮೂರನ್ನೂ ಕಳಿಸಿ. ನಾನು ನೋಡಿ ಬರೆಯುತ್ತೇನೆ.